ಅರಿಷಿಣ ಕುಂಕುಮದ ಅರ್ಜಿ

ನಮ್ಮ ಮನೆಯ ಮುಂದಿನ ಫರಸಿ ಕಲ್ಲನ್ನು ಅವರು ಒಡೆದದ್ದು ಒಂದು ಸೋಮವಾರ ಮುಂಜಾನೆ, ನನ್ನ ಎರಡನೆಯ ಚಹಾದ ಹೊತ್ತಿಗೆ. ಆ ಚಹಾವನ್ನು ನಾನು ಪೂರ್ತಿ ಕುಡಿಯಲಿಲ್ಲ. ಅದೂ ನನ್ನ ದೂರುಗಳಲ್ಲಿ ಒಂದು. ಹೊರಗೆ ಬಂದು ನೋಡುವಷ್ಟರಲ್ಲಿ ಅಗೆಯುವ ಯಂತ್ರದ ಹಲ್ಲು ಕಲ್ಲಿನ ನಡುವಿಗೆ ಇಳಿದಿತ್ತು. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಹಳೆಯ ಗಟಾರವನ್ನು ಕಿತ್ತು ಹೊಸದನ್ನು ಕಟ್ಟುವ ಕೆಲಸ ನಡೆದಿತ್ತು. ಹೊಸ ಗಟಾರ ಬೇಕಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ರಸ್ತೆಗೂ ನಮ್ಮ ಮನೆಗೂ ನಡುವೆ ಸೇತುವೆಯಂತಿದ್ದ ಆ ಕಲ್ಲನ್ನು ಎತ್ತಿ ಪಕ್ಕಕ್ಕಿಡಲು ನಾಲ್ಕು ಜನ ಸಾಕಾಗುತ್ತಿತ್ತು, ಮತ್ತು ಅಲ್ಲಿ ಆರು ಜನ ನಿಂತಿದ್ದರು. ಅವರು ಎತ್ತಲಿಲ್ಲ, ಒಡೆದರು.

ಐದು ಅಡಿ ಉದ್ದ, ಮೂರು ಅಡಿ ಅಗಲದ ಕಲ್ಲು ಅದು. ಮನೆ ಕಟ್ಟಿಸಿದ ವರ್ಷ ನಾನೂ ನನ್ನ ಹೆಂಡತಿಯೂ ಕಲ್ಲಿನ ಅಡ್ಡೆಗೆ ಹೋಗಿ, ಒಂದೊಂದನ್ನೂ ಕೈಯಿಂದ ಬಡಿದು, ಸದ್ದು ಕೇಳಿ ಆರಿಸಿ ತಂದದ್ದು. ಅಂದಿನಿಂದ ದಿನಾ ಬೆಳಿಗ್ಗೆ ಆಕೆ ಅದನ್ನು ತೊಳೆದು ರಂಗೋಲಿ ಹಾಕುತ್ತಿದ್ದಳು. ಗುತ್ತಿಗೆದಾರನ ಮನುಷ್ಯ ನನ್ನ ಮುಖ ನೋಡಿ, "ಅಜ್ಜಾರ, ಎಂಟ ದಿನದಾಗ ಹೊಸಾ ಕಲ್ಲ ಹಾಕಿಕೊಡ್ತೇವ್ರಿ. ನೀವ ಏನೂ ಹಾಕಬ್ಯಾಡ್ರಿ ಮತ್ತ, ಹಾಕಿದ್ರ ತಗೀಬೇಕಾಕ್ಕೈತಿ" ಎಂದ. ನಾನು ಆ ಮಾತನ್ನು ನನ್ನ ವಹಿಯಲ್ಲಿ ಬರೆದುಕೊಂಡೆ, ದಿನ ಮತ್ತು ವೇಳೆಯ ಸಹಿತ.

ಎಂಟು ದಿನ ಕಳೆದವು. ಹದಿನಾರು ಕಳೆದವು. ಗಟಾರದ ಗೋಡೆಗಳು ಎದ್ದವು, ಕಾಂಕ್ರೀಟು ಒಣಗಿತು, ಕೆಲಸದವರು ಮುಂದಿನ ಓಣಿಗೆ ಹೋದರು. ನಮ್ಮ ಗೇಟಿನ ಮುಂದೆ ಉಳಿದದ್ದು ಆಳೆತ್ತರದ ಕಂದಕ ಮತ್ತು ಅದರ ಮೇಲೊಂದು ಹಲಗೆ. ಆ ಹಲಗೆಯ ಅಗಲ ಒಂದು ಗೇಣು ನಾಲ್ಕು ಬೆರಳು. ನಾನೇ ಅಳೆದಿದ್ದೇನೆ. ನೆರೆಹೊರೆಯವರು ತಮ್ಮ ತಮ್ಮ ಮನೆಯ ಮುಂದೆ ಸಿಕ್ಕ ಕಲ್ಲು, ತಗಡು ಹಾಕಿಕೊಂಡು ದಾಟಿಕೊಂಡರು. ನಾನು ಹಾಕಲಿಲ್ಲ. ಕಿತ್ತವರೇ ಹಾಕಬೇಕು ಎಂಬುದು ನನ್ನ ನಿಲುವಾಗಿತ್ತು, ಇಂದಿಗೂ ಅದು ನ್ಯಾಯದ ನಿಲುವೇ ಎಂದು ನಂಬಿದ್ದೇನೆ. ಆದರೆ ಆ ನ್ಯಾಯದ ಭಾರ ಬಿದ್ದದ್ದು ನನ್ನ ಮೇಲಲ್ಲ, ನನ್ನ ಹೆಂಡತಿಯ ಎಡ ಮೊಣಕಾಲಿನ ಮೇಲೆ. ಇದನ್ನು ನಾನು ಬೇಗ ಒಪ್ಪಿಕೊಳ್ಳಲಿಲ್ಲ.

ಪ್ರತಿ ಗುರುವಾರ ಸಂಜೆ ಐದೂವರೆಗೆ ಓಣಿಯ ತುದಿಯಲ್ಲಿರುವ ಸಣ್ಣ ಸಭಾಗೃಹದಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು ಸೇರಿ ಹಾಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ನಡೆದು ಬಂದ ಪದ್ಧತಿ. ಮೊದಲ ಸಾಲು ಎತ್ತಿಕೊಡುವವಳು ನನ್ನ ಹೆಂಡತಿ. ಉಳಿದ ಎಂಟು ಮಂದಿ ಹಿಂದಿನಿಂದ ಹಿಡಿಯುತ್ತಾರೆ. ಹಲಗೆ ಬಂದ ವಾರ ಆಕೆ ಒಂದು ಸಲ ದಾಟಲು ನೋಡಿದಳು. ಎರಡು ಹೆಜ್ಜೆ ಇಟ್ಟಳು, ಹಲಗೆ ತೂಗಿತು, ಆಕೆ ಗೇಟನ್ನು ಹಿಡಿದುಕೊಂಡು ಹಿಂದಕ್ಕೆ ಸರಿದಳು. ಮತ್ತೆ ಪ್ರಯತ್ನಿಸಲಿಲ್ಲ. ಗೆಳತಿಯರು ಬಂದು, "ಅಕ್ಕಾ, ನಾವಽ ನಿಮ್ಮ ಮನಿಗೆ ಬರ್ತೇವಿ, ಇಲ್ಲೇ ಹಾಡೋಣು" ಎಂದರು. ಆಕೆ ಒಪ್ಪಲಿಲ್ಲ.

"ಬ್ಯಾಡ. ಮನಿಂದ ಹೊರಗ ಹೋಗೂದಽ ಅರ್ಧಾ ಹಾಡು" ಎಂದಳು.

ಹಾಗೆ ಗುರುವಾರಗಳು ಒಂದೊಂದಾಗಿ ಹೋದವು. ಐದೂವರೆಗೆ ಆಕೆ ಒಳಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಗಾಳಿ ಈ ಕಡೆ ಬೀಸಿದರೆ ಓಣಿಯ ತುದಿಯ ಹಾಡು ತುಂಡು ತುಂಡಾಗಿ ಕೇಳುತ್ತಿತ್ತು. ಆಗ ಆಕೆಯ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಬಾಯಿ ಮಾತ್ರ ಮುಚ್ಚಿರುತ್ತಿತ್ತು. ಮುಂದಿನ ತಿಂಗಳು ಊರ ಹಿರಿಯರ ಸಭೆಯಲ್ಲಿ ಅವರು ಹಾಡುವುದಿತ್ತು. ತಾಲೀಮಿಗೆ ಬಾರದವಳು ಮೊದಲ ಸಾಲು ಎತ್ತುವುದು ಹೇಗೆ? ಬೇರೆಯವರಿಗೆ ಬಿಟ್ಟುಕೊಡುವೆನೆಂದು ಆಕೆ ಫೋನಿನಲ್ಲಿ ಹೇಳುವುದು ನನ್ನ ಕಿವಿಗೆ ಬಿತ್ತು. ಪತ್ರಿಕೆ ಓದುತ್ತಿದ್ದೆ. ಅದೇ ಸಾಲನ್ನು ಮೂರು ಸಲ ಓದಿದೆ.

ಇನ್ನು ನನ್ನ ವಿಷಯ. ನಾನು ನನ್ನ ನೌಕರಿಯ ಇಡೀ ಕಾಲವನ್ನು ಸರಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕಳೆದವನು. ಬಂದ ಅರ್ಜಿಗೆ ನಂಬರು ಹಾಕುವುದು, ಮೇಲೆ ಮುದ್ರೆ ಒತ್ತುವುದು, 'ಸೂಕ್ತ ಕ್ರಮಕ್ಕಾಗಿ' ಎಂದು ಬರೆದು ಮುಂದೆ ತಳ್ಳುವುದು ನನ್ನ ಕೆಲಸವಾಗಿತ್ತು. ಅರ್ಜಿ ಎಂದರೇನು, ಅದು ಹೇಗಿರಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ನಮ್ಮ ವಾರ್ಡಿನಿಂದ ಆರಿಸಿ ಬಂದ ಸದಸ್ಯರಿಗೆ ಎರಡು ಪುಟಗಳ ಅರ್ಜಿ ಬರೆದೆ. ಸದಸ್ಯರು ಹೆಣ್ಣುಮಗಳು, ವಯಸ್ಸು ನಲವತ್ತರೊಳಗೆ. ಸುಳ್ಳ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿ ಧಾರವಾಡಕ್ಕೆ ಸೊಸೆಯಾಗಿ ಬಂದವರು. ಚುನಾವಣೆಯ ಚೀಟಿಯ ಮೇಲಿದ್ದದ್ದು ಅವರ ಹೆಸರು. ಆದ್ದರಿಂದ ಲಕೋಟೆಯ ಮೇಲೂ ಅವರ ಹೆಸರನ್ನೇ ಬರೆದೆ.

ಅರ್ಜಿಯನ್ನು ಕೈಯಾರೆ ಕೊಡಲು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ಅವರ ಗಂಡ. ಪಕ್ಕದಲ್ಲಿ ಸದಸ್ಯರ ಮೈದುನ, ಬಂದ ಕಾಗದಗಳನ್ನು ವಿಂಗಡಿಸುವವನು. ನನಗಿಂತ ಇಪ್ಪತ್ತು ನಿಮಿಷ ತಡವಾಗಿ ಬಂದ ಕಟ್ಟಡದ ವ್ಯಾಪಾರಿಗೆ ಗಂಡ ಎದ್ದುನಿಂತು ಕುರ್ಚಿ ಕೊಟ್ಟರು. ನಾನು ನಿಂತೇ ಇದ್ದೆ. ಕೊನೆಗೆ ನನ್ನ ಕಾಗದ ತೆಗೆದುಕೊಂಡ ಮೈದುನ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಅಜ್ಜಾ, ಇಷ್ಟ ಉದ್ದ ಯಾರ ಓದ್ತಾರೋ ಮಾರಾಯಾ? ಎರಡ ಸಾಲ್ನ್ಯಾಗ ಬರೀಬಾರದ?"

"ಸದಸ್ಯರು ಓದ್ತಾರಪಾ. ಅವರಿಗೆ ಬರದದ್ದು" ಎಂದೆ.

"ಎಲ್ಲಾ ನಾವಽ ಓದೂದು. ವೈನಿಗೆ ಯಾಕ ತ್ರಾಸ?" ಎಂದು ನಕ್ಕ. ನೋಡುತ್ತಿದ್ದಂತೆಯೇ ಒಳಗಿನಿಂದ ಚಹಾ ಬಂತು, ನನಗಲ್ಲ, ಆ ವ್ಯಾಪಾರಿಗೆ. ಕಪ್ಪು ಇಡಲು ಜಾಗವಿರಲಿಲ್ಲವೆಂದು ನನ್ನ ಅರ್ಜಿಯ ಮೇಲೆಯೇ ಇಟ್ಟರು. ನಾನು ಮೆಟ್ಟಿಲಿಳಿಯುವಾಗ ತಿರುಗಿ ನೋಡಿದೆ. 'ಸವಿನಯ' ಎಂಬ ಪದದ ಸುತ್ತ ದುಂಡಗಿನ ಚಹಾದ ಕಲೆ ಬಿದ್ದಿತ್ತು.

ಮರುದಿನ ವಾರ್ಡಿನ ವಾಟ್ಸಪ್ ಗುಂಪಿನಲ್ಲಿ ಒಂದು ಚಿತ್ರ ಬಂತು, ಚಹಾ ಬರುವ ಮೊದಲು ಮೈದುನ ಗಡಿಬಿಡಿಯಿಂದ ತೆಗೆದದ್ದು. ಸದಸ್ಯರ ಗಂಡ ನಗುತ್ತ ನನ್ನ ಅರ್ಜಿಯನ್ನು ಹಿಡಿದಿದ್ದರು, ನಾನು ಅರ್ಧ ಕಣ್ಣು ಮುಚ್ಚಿದ್ದೆ. ಕೆಳಗೆ, 'ಹಿರಿಯ ನಾಗರಿಕರ ಅಹವಾಲನ್ನು ಆಲಿಸಿದ ಕ್ಷಣ' ಎಂದು ಬರೆದಿತ್ತು. ಆಲಿಸಿದ್ದು ಯಾವ ಕ್ಷಣ ಎಂದು ನಾನು ಇಂದಿಗೂ ಹುಡುಕುತ್ತಿದ್ದೇನೆ.

ಹದಿನೈದು ದಿನ ಕಾದು ನೆನಪೋಲೆ ಬರೆದೆ, ಅಂಚೆಗೆ ಹಾಕಿದೆ. ಅದಕ್ಕೆ ಬಂದ ಉತ್ತರದಲ್ಲಿ, 'ತಮ್ಮ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಿಸಿದವರಿಗೆ ಕಳುಹಿಸಲಾಗಿದೆ' ಎಂದಿತ್ತು. ಆ ವಾಕ್ಯದ ಒಳಗುಟ್ಟು ಬಲ್ಲವನು ಧಾರವಾಡದಲ್ಲಿ ನನ್ನಷ್ಟು ಇನ್ನೊಬ್ಬನಿಲ್ಲ. ಎಷ್ಟು ಜನರ ಮನೆಯ ಮುಂದಿನ ಎಂಥೆಂಥ ಕಂದಕಗಳನ್ನು ನಾನು ಇದೇ ಸಾಲಿನಿಂದ ಮುಚ್ಚಿದ್ದೆನೋ. ಅಂದು ನನಗೆ ಬಂದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇತ್ತು ಎಂದು ಇಲ್ಲಿ ದಾಖಲಿಸುತ್ತೇನೆ.

ಮೂರನೆಯ ಕಾಗದವನ್ನು ಮಂಗಳವಾರ ಬರೆದೆ, ಅದೂ ಎರಡು ಪುಟ. ಅದನ್ನು ಬರೆಯುವಾಗ ವಿನಯವನ್ನು ಬಿಟ್ಟಿರಲಿಲ್ಲ, ಆದರೆ ಹಿಂದಕ್ಕೆ ಕೂರಿಸಿದ್ದೆ. ಕೊನೆಯ ಸಾಲು ಹೀಗಿತ್ತು: 'ಆದ್ದರಿಂದ ಬರುವ ಗುರುವಾರ ಸಂಜೆ ಐದು ಗಂಟೆಗೆ ತಾವೇ ಖುದ್ದಾಗಿ ಆಗಮಿಸಿ, ಸದರಿ ಹಲಗೆಯನ್ನು ಒಮ್ಮೆ ದಾಟಿ ತೋರಿಸಬೇಕೆಂದು ತಮ್ಮನ್ನು ಆಮಂತ್ರಿಸುತ್ತೇನೆ.' ಮನೆಯಲ್ಲಿ ಸಾದಾ ಲಕೋಟೆ ಮುಗಿದಿದ್ದವು. ಮೊಮ್ಮಗಳ ಮದುವೆಯಲ್ಲಿ ಉಳಿದ ದಪ್ಪನೆಯ ಕೆನೆಬಣ್ಣದ ಲಕೋಟೆಯೊಂದು ಕಪಾಟಿನಲ್ಲಿತ್ತು. ಅದರಲ್ಲಿ ಹಾಕಿ, ಹಿಂಬದಿಗೆ ನಮ್ಮ ಮನೆಯ ವಿಳಾಸ ಬರೆದು, ಅಂಟಿಸಲು ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿ ಹುಡುಕಲು ಹೋದೆ. ಆಕೆ ಆಗಷ್ಟೇ ದೇವರ ಮನೆಯಿಂದ ಬಂದಿದ್ದಳು. ನಾನು ತಿರುಗಿ ಬರುವಷ್ಟರಲ್ಲಿ ಲಕೋಟೆಯ ನಾಲ್ಕೂ ಮೂಲೆಗೆ ಅರಿಷಿಣ, ನಡುವೆ ಕುಂಕುಮ.

"ಏನು ಮಾಡಿದಿ ಇದು? ಅದು ತಕರಾರಿನ ಅರ್ಜಿ! ಲಗ್ನಪತ್ರಿಕಾ ಅಲ್ಲ!"

"ಆಗಬೇಕಾದ ಕೆಲಸದ್ದು ಹೌದಲ್ಲೋ? ಮತ್ತ ಹಚ್ಚಬೇಕು. ಮಗನ ಪರೀಕ್ಷಾದ ಚೀಟಿಗೆ ಹಚ್ಚೇನಿ, ನಿಮ್ಮ ಪೆನ್ಶನ್ ಕಾಗದಕ್ಕ ಹಚ್ಚೇನಿ. ಎರಡೂ ಆದುವಿಲ್ಲೋ?"

"ಪೆನ್ಶನ್ ಬಂದದ್ದು ನನ್ನ ನೌಕರಿಯಿಂದ."

"ನೌಕರಿ ಎಲ್ಲಾರೂ ಮಾಡ್ತಾರ. ಎಲ್ಲಾರಿಗೂ ಎರಡನೇ ತಿಂಗಳಿಗೇ ಬಂತೇನು ಪೆನ್ಶನ್?"

ಮನೆಯಲ್ಲಿ ಇನ್ನೊಂದು ಲಕೋಟೆ ಇರಲಿಲ್ಲ. ನಾಚಿಕೆಯಿಂದ ಅದನ್ನು ಕೈಚೀಲದ ತಳಕ್ಕೆ ಹಾಕಿಕೊಂಡು ಹೋದೆ. ಮೈದುನ ಫೋನಿನಲ್ಲಿ ಮಾತನಾಡುತ್ತಿದ್ದ. ಲಕೋಟೆಯನ್ನು ನೋಡಿದ, ಒಳಗೇನಿದೆ ಎಂದು ಕೇಳಲಿಲ್ಲ. "ಯಾವಾಗ್ರಿ?" ಎಂದ. "ಗುರುವಾರ, ಸಂಜಿ ಐದಕ್ಕ" ಎಂದೆ. ಒಂದು ಡೈರಿಯಲ್ಲಿ ಏನೋ ಗೀಚಿ ಲಕೋಟೆಯನ್ನು ಎಡಕ್ಕಿದ್ದ ಕಾಗದದ ರಾಶಿಗೆ ಹಾಕದೆ ಬಲಕ್ಕಿದ್ದ ಹಿತ್ತಾಳೆಯ ತಾಟಿನಲ್ಲಿ ಇಟ್ಟ. ಈ ಸಲ ನನಗೆ "ಅಜ್ಜಾ" ಎನ್ನಲಿಲ್ಲ, "ಕೂಡ್ರಿ ಅಜ್ಜಾರ, ಚಹಾ ತಗೋತೀರಿ?" ಎಂದ. ಇಂಥ ಮರ್ಯಾದೆಗೆ ಕಾರಣ ತಿಳಿಯದೆ ನಾನು ಇನ್ನಷ್ಟು ಸಿಟ್ಟಾಗಿ ಮನೆಗೆ ಬಂದೆ.

ಗುರುವಾರ ನಾಲ್ಕೂವರೆಗೇ ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ಯಾರೂ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಬಾರದಿರುವುದಕ್ಕೆ ಸಾಕ್ಷಿಯಾಗಿ ಇರುವುದು ನನ್ನ ಕರ್ತವ್ಯವಾಗಿತ್ತು. ಆದರೂ, ಬಂದರೆ ಇರಲಿ ಎಂದು, ಈವರೆಗೆ ಆದ ಅವಮಾನಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಒಟ್ಟು ಏಳು ಇದ್ದವು. ಚಹಾದ ಕಲೆ ನಾಲ್ಕನೆಯದು.

ಐದಕ್ಕೆ ಐದು ನಿಮಿಷವಿರುವಾಗ ಒಂದು ಜೀಪು ಓಣಿಯೊಳಗೆ ಬಂತು. ಇಳಿದವರು ಸದಸ್ಯರೇ. ಗಂಡ ಜೊತೆಗಿರಲಿಲ್ಲ, ಮೈದುನನೂ ಇರಲಿಲ್ಲ. ಹಸಿರು ಇಳಕಲ್ ಸೀರೆ, ಮುಡಿದ ಮಲ್ಲಿಗೆ, ಒಂದು ಕೈಯಲ್ಲಿ ಚೀಲ. ಚೀಲದ ಬಾಯಿಂದ ತೆಂಗಿನಕಾಯಿಯ ಜುಟ್ಟು ಮತ್ತು ಕುಪ್ಪಸದ ಖಣದ ಅಂಚು ಕಾಣುತ್ತಿದ್ದವು. ಗಟಾರದ ಆಚೆ ನಿಂತು ಅವರು ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿದರು.

"ನಮಸ್ಕಾರ್ರಿ ಕಾಕಾರ. ಹಂದರ ಎಲ್ಲೂ ಕಾಣವಲ್ದು? ಕಾರ್ಯ ಮನ್ಯಾಗ ಇಟಗೊಂಡೀರೇನ್ರಿ?"

"ಯಾವ ಕಾರ್ಯ?"

"ಕುಬಸ ಅಲ್ಲೇನ್ರಿ? ನಮ್ಮ ಡೈರ್ಯಾಗ ಬರೇ 'ಮಾಳಮಡ್ಡಿ, ಐದು ಗಂಟೆ' ಅಂತ ಐತ್ರಿ. ಸಂಜಿ ಐದು ಅಂದ್ರ ಕುಬಸಽ ಇರಬೇಕು ಅನ್ಕೊಂಡೆ. ಬಸರಿ ಯಾರ್ರಿ?"

ಒಳಗಿನ ಕಟ್ಟೆಯ ಮೇಲಿಂದ ನನ್ನ ಹೆಂಡತಿಯ ನಗು ಕೇಳಿಸಿತು. ಹಲವು ವಾರಗಳ ಮೇಲೆ ಕೇಳಿದ ನಗು. "ಇಲ್ಲೆ ಇರೂದು ನಾವಿಬ್ಬರಽ ನೋಡವಾ! ಎಪ್ಪತ್ತರ ಮ್ಯಾಲೆ ಇನ್ನ ನನಗ ಕುಬಸಾ ಮಾಡ್ತೀರೇನು?" ಎಂದಳು.

ಸದಸ್ಯರು ಚೀಲದಿಂದ ನನ್ನ ಲಕೋಟೆಯನ್ನು ತೆಗೆದರು. ಅರಿಷಿಣದ ಮೂಲೆಗಳನ್ನು ಇನ್ನೊಮ್ಮೆ ನೋಡಿ, ನಮ್ಮ ಮುಖ ನೋಡಿ, ಅಲ್ಲೇ ಹರಿದು ಓದತೊಡಗಿದರು. ರಸ್ತೆಯಲ್ಲಿ ನಿಂತು, ಎರಡೂ ಪುಟಗಳನ್ನು, ಒಂದು ಸಾಲನ್ನೂ ಬಿಡದೆ ಓದಿದರು. ನನ್ನ ಬರಹವನ್ನು ಅಷ್ಟು ಗಮನವಿಟ್ಟು ಓದಿದವರನ್ನು ನಾನು ನೌಕರಿಯಲ್ಲಿಯೂ ಕಂಡಿರಲಿಲ್ಲ. ಅವರ ಮುಖದ ನಗು ಮೊದಲನೆಯ ಪುಟದ ನಡುವೆಯೇ ಹೋಗಿತ್ತು.

"ಕಾಕಾರ, ಇದು ಮೂರನೇ ಅರ್ಜಿ ಅಂತ ಬರದೀರಿ. ಮೊದಲಿನ ಎರಡ ಯಾರ ಕೈಯಾಗ ಕೊಟ್ಟಿದ್ರಿ?"

"ಒಂದು ನಿಮ್ಮ ಮನಿಗೇ ಬಂದು ಕೊಟ್ಟೇನಿ, ಇನ್ನೊಂದು ಟಪಾಲಿಗೆ ಹಾಕೇನಿ. ಎರಡೂ ನಿಮ್ಮ ಹೆಸರಿಗೆ."

"ನನಗ ಬಂದಿಲ್ರಿ." ಕಾಗದ ಮಡಚುತ್ತ ಹೇಳಿದರು. "ನಮ್ಮ ಮನ್ಯಾಗ ಪದ್ಧತಿ ಹಂಗಽ ಆಗೇತ್ರಿ. ಅರ್ಜಿ ಬಂದ್ರ ಹೊರಗಿನ ಟೇಬಲ್ಲಿಗೆ ಹೊಕ್ಕಾವು, ಮದವಿ ಮುಂಜವಿ ಪತ್ರಿಕಾ ಒಳಗ ನನ್ನ ಕಡೆ ಬರ್ತಾವು. ಉಡಿ ತುಂಬೂದು, ಮಂಗಳಾರತಿ, ಅವು ನನ್ನ ಕೆಲಸ. ಆರಿಸಿ ಬಂದು ಎರಡ ವರ್ಷ ಆತು, ಕೈಯಾಗ ಹಿಡದು ಓದಿದ ಅರ್ಜಿ ಇದಽ ಮೊದಲನೇದು. ಕಾಕೂ ಕುಂಕುಮ ಹಚ್ಚಿದ್ದಕ್ಕ ಬಂತು."

ಕಟ್ಟೆಯ ಮೇಲಿಂದ ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ವರ್ಣಿಸುವುದಿಲ್ಲ. ಮದುವೆಯಾಗಿ ಬಹಳ ವರ್ಷವಾದವರಿಗೆ ಅದು ಗೊತ್ತಿರುತ್ತದೆ.

ಆದರೆ ನಾನು ಸುಲಭವಾಗಿ ಸೋಲುವವನಲ್ಲ. ಜೇಬಿನಿಂದ ಪಟ್ಟಿ ತೆಗೆದೆ. ಗಟಾರದ ಈಚೆ ನಾನು, ಆಚೆ ಅವರು. "ಬಂದೀರಿ, ಕೇಳಿಬಿಡ್ರಿ" ಎಂದು ಮೊದಲನೆಯದನ್ನು ಓದಿದೆ: ಚುನಾವಣೆಯ ಹೊತ್ತಿನಲ್ಲಿ ಅವರ ಯಜಮಾನರು ಮತ ಕೇಳಲು ಬಂದವರು, ಇದೇ ಜಾಗದಲ್ಲಿ, ನನ್ನ ಹೆಂಡತಿ ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಚಪ್ಪಲಿ ಕಾಲಿಟ್ಟು ನಿಂತು ನನಗೆ ಕೈಮುಗಿದಿದ್ದರು. ಆಗ ಕಲ್ಲಿತ್ತು, ಈಗ ಅದೂ ಇಲ್ಲ.

ಸದಸ್ಯರು ತಮ್ಮ ಕಾಲನ್ನು ನೋಡಿಕೊಂಡರು. ಚಪ್ಪಲಿಗಳನ್ನು ಬಿಟ್ಟು, ಜೋಡಿಸಿ, ರಸ್ತೆಯ ಅಂಚಿಗೆ ಸರಿಸಿದರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲನ್ನು ಹಲಗೆಯ ಮೇಲಿಟ್ಟರು. ಹಲಗೆ ತೂಗಿತು. ಆಳಕ್ಕೆ ನೋಡಿದರು, ನಿಂತರು. ನನ್ನ ಕೈಯಲ್ಲಿ ಇನ್ನೂ ಆರು ಕಲಮುಗಳಿದ್ದ ಪಟ್ಟಿಯಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈ ಚಾಚಿದೆ. ಅವರು ಹಿಡಿದುಕೊಂಡು ದಾಟಿದರು. ಆ ಪಟ್ಟಿಯ ಮೂಲೆಯಲ್ಲಿ ನನ್ನ ಹಲ್ಲಿನ ಗುರುತು ಇನ್ನೂ ಇದೆ.

ಆಮೇಲೆ ಆದದ್ದರ ಮೇಲೆ ನನ್ನ ಹಿಡಿತವಿರಲಿಲ್ಲ. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅವರು ಯಾರದೋ ಕುಬಸಕ್ಕೆಂದು ತಂದ ಖಣ ಮತ್ತು ಕಾಯಿಯನ್ನು ನನ್ನ ಹೆಂಡತಿಯ ಕೈಗಿಟ್ಟರು. ಈಕೆ ಒಳಗೆ ಹೋಗಿ ಬೇರೆ ಖಣ, ಬೇರೆ ಕಾಯಿ, ಮೊರದಲ್ಲಿ ಅಕ್ಕಿ ತಂದು ಅವರನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಆ ಮನೆಯ ಮಗಳೇ. ಮಗಳೆದುರು ತಕರಾರಿನ ಪಟ್ಟಿ ಓದುವುದು ಹೇಗೆ? ಎರಡನೆಯ ಕಲಮಿನಿಂದ ಏಳನೆಯ ಕಲಮಿನವರೆಗೆ ಎಲ್ಲವೂ ನನ್ನ ಗಂಟಲಲ್ಲೇ ಉಳಿದವು. ಇದು ನನ್ನ ಹೆಂಡತಿ ಬೇಕೆಂದೇ ಮಾಡಿದ್ದೆಂದು ನನ್ನ ಗುಮಾನಿ.

ಅಷ್ಟರಲ್ಲಿ ಐದೂವರೆಯಾಗುತ್ತ ಬಂದಿತ್ತು. ಹಾಡಲು ಹೊರಟ ಎಂಟು ಮಂದಿ ಗೆಳತಿಯರು ಜೀಪನ್ನು ಕಂಡು ಗಟಾರದ ಆಚೆ ಗುಂಪಾಗಿ ನಿಂತಿದ್ದರು. ಸದಸ್ಯರು ಎದ್ದು ನನ್ನ ಹೆಂಡತಿಯ ತೋಳು ಹಿಡಿದರು.

"ಬರ್ರಿ ಕಾಕೂ, ನಾ ದಾಟಿಸಿ ಕರಕೊಂಡ ಹೊಕ್ಕೇನಿ. ಇವತ್ತ ನೀವು ಹಾಡಬೇಕು."

"ಬ್ಯಾಡವಾ. ಇವತ್ತ ನೀ ದಾಟಸ್ತಿ, ಬರೂ ಗುರುವಾರ ಯಾರು ದಾಟಸವರು? ಇವರ ಕೈ ಹಿಡಕೊಂಡು ಹೋದ್ರ ಇಬ್ಬರೂ ಕೂಡೇ ಬೀಳತೇವಿ."

ಸದಸ್ಯರು ಫೋನು ತೆಗೆದರು. ಆಚೆಯಿಂದ ಯಾರೋ ಎತ್ತಿಕೊಂಡಾಗ ಅವರ ದನಿ ಬೇರೆಯಾಗಿತ್ತು.

"ಹಲೋ, ಮಾಳಮಡ್ಡಿ ಗಟಾರದ ಕೆಲಸ ನಿಮ್ಮದಽ ಅಲ್ರಿ? ನಾನು ಮಾತಾಡಾಕತ್ತೇನಿ... ಇಲ್ರಿ, ನಮ್ಮ ಯಜಮಾನ್ರಲ್ಲ. ಅವರಿಗೆ ಫೋನ್ ಕೊಡೂದಿಲ್ಲ. ನಾನಽ. ನಿಮ್ಮ ಬಿಲ್ಲಿನ ಕಾಗದಕ್ಕ ಸಹಿ ಯಾರದ ಬೇಕಾಕ್ಕೈತಿ? ಹಾಂ, ನನ್ನದಽ. ಬರೂ ಗುರುವಾರದೊಳಗ ಇಲ್ಲಿ ಕಲ್ಲ ಬೀಳಬೇಕು. ಐದು ಅಡಿ, ಮೂರು ಅಡಿ... ಎಷ್ಟ ದಪ್ಪರಿ ಕಾಕಾರ?"

"ಮೂರು ಇಂಚು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ.

ಫೋನಿಟ್ಟು ಅವರು ಉಸಿರುಬಿಟ್ಟರು. ಆ ಮೇಲೆ ತಾವೇ ಬೆರಗಾದವರಂತೆ ನಕ್ಕರು. ಗಟಾರದ ಆಚೆ ನಿಂತ ಗುಂಪಿನಲ್ಲಿ ಒಬ್ಬಾಕೆ, "ಅಕ್ಕಾ, ಇನ್ನ ಒಂದ ವಾರ ಯಾಕ ಕಾಯೂದು? ನೀವು ಅಲ್ಲಿಂದಽ ಎತ್ತಿಕೊಡ್ರಿ, ನಾವ್ ಇಲ್ಲಿಂದ ಹಿಡೀತೇವಿ!" ಎಂದು ಕೂಗಿದಳು. ನನ್ನ ಹೆಂಡತಿ ಬೇಡವೆನ್ನುವಳೆಂದುಕೊಂಡೆ. ಆಕೆ ಸೆರಗು ಸರಿಪಡಿಸಿಕೊಂಡು ಗೇಟಿನವರೆಗೆ ನಡೆದು, ಅದರ ಸರಳು ಹಿಡಿದು ನಿಂತು, ಮೊದಲ ಸಾಲನ್ನು ಎತ್ತಿದಳು. ಇಷ್ಟು ವಾರ ಮುಚ್ಚಿಟ್ಟಿದ್ದ ದನಿ ಆರಂಭದಲ್ಲಿ ಕೊಂಚ ಒರಟಾಗಿ ಬಂತು, ಎರಡನೆಯ ಸಾಲಿಗೆ ತಿಳಿಯಾಯಿತು. ಆಚೆಯಿಂದ ಎಂಟು ದನಿಗಳು ಅದನ್ನು ಎತ್ತಿಕೊಂಡವು. ನಡುವೆ ಖಾಲಿ ಗಟಾರ. ಅದರ ಗೋಡೆಗಳಿಗೆ ತಾಗಿ ಹಾಡು ಇಮ್ಮಡಿಯಾಗಿ ಏಳುತ್ತಿತ್ತು. ಆ ಗಟಾರದಿಂದ ಆದ ಮೊದಲ ಉಪಯೋಗ ಅದು. ಎದುರು ಮನೆಗಳ ಬಾಗಿಲು ತೆರೆದವು. ಹಾಲಿನವನು ಗಾಡಿ ನಿಲ್ಲಿಸಿದ. ಸದಸ್ಯರು ಉಡಿಯ ಅಕ್ಕಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ನಮ್ಮ ಗೇಟಿನ ಮೇಲೆ ತಾಳ ಹಾಕುತ್ತ, ಗೊತ್ತಿದ್ದ ಸಾಲುಗಳಿಗೆ ದನಿಗೂಡಿಸಿದರು. ಅವರಿಗೆ ಬಹಳಷ್ಟು ಸಾಲುಗಳು ಗೊತ್ತಿದ್ದವು.

ನಾನೊಬ್ಬನೇ ಹಾಡಲಿಲ್ಲ. ಕನ್ನಡಕ ಒರೆಸುವ ಕೆಲಸವಿತ್ತು.

ಆ ವಾರವನ್ನು ನಾನು ಹೇಗೆ ಕಳೆದೆನೆಂದು ಹೇಳುವುದು ಕಷ್ಟ. ಶುಕ್ರವಾರ ಏನೂ ಬರಲಿಲ್ಲ, ಶನಿವಾರವೂ ಬರಲಿಲ್ಲ. ಸೋಮವಾರ ಒಬ್ಬ ಬಂದು ಅಳತೆ ತೆಗೆದುಕೊಂಡು ಹೋದ. ನಾನೂ ಅವನ ಜೊತೆಗೆ ನಿಂತು ನನ್ನ ಟೇಪಿನಿಂದ ಅಳೆದು ಎರಡೂ ಕೂಡುತ್ತವೆಂದು ಖಚಿತಪಡಿಸಿಕೊಂಡೆ. ಮಂಗಳವಾರ ನಾಲ್ಕನೆಯ ಅರ್ಜಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟತೊಡಗಿದ್ದೆ. ಬುಧವಾರ ಮುಂಜಾನೆ, ನನ್ನ ಎರಡನೆಯ ಚಹಾದ ಹೊತ್ತಿಗೆ ಸರಿಯಾಗಿ, ಗಾಡಿ ಬಂತು. ನಾಲ್ಕು ಜನ ಕಲ್ಲನ್ನು ಇಳಿಸಿ, ಸರಳಿನಿಂದ ಮೀಟಿ, ಗಾರೆ ಹಾಕಿ ಕೂರಿಸಿದರು. ನಾನು ಅವರಿಗೆಲ್ಲ ಚಹಾ ಕೊಡಿಸಿ, ನನ್ನ ಕಪ್ಪನ್ನೂ ಪೂರ್ತಿ ಖಾಲಿ ಮಾಡಿದೆ.

ಅದೇ ಮಧ್ಯಾಹ್ನ ಸದಸ್ಯರ ಯಜಮಾನರು ಒಬ್ಬ ಫೋಟೋದವನೊಡನೆ ಬಂದು ಕಲ್ಲಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಕಲ್ಲಿನ ಮೇಲೆ ಕಾಲಿಡಲು ಹೋದಾಗ ನನ್ನ ಹೆಂಡತಿ ಒಳಗಿನಿಂದ, "ಚಪ್ಪಲಿ ಬಿಟ್ಟು ಬರ್ರಿ, ಗಾರಿ ಇನ್ನ ಹಸೀ ಅದ" ಎಂದಳು. ಹಸಿಯಾಗಿದ್ದದ್ದು ಅಂಚಿನ ಗಾರೆ ಮಾತ್ರ, ಚಪ್ಪಲಿ ಬಿಟ್ಟರೆ ಅದು ಒಣಗುವುದೂ ಇಲ್ಲ. ಅವರು ಬಿಟ್ಟರು. ಸಂಜೆಗೆ ವಾಟ್ಸಪ್ ಗುಂಪಿನಲ್ಲಿ, 'ಹಿರಿಯರ ಬೇಡಿಕೆಗೆ ತಕ್ಷಣ ಸ್ಪಂದಿಸಿದ ಸಮಾಜ ಸೇವಕರು' ಎಂದು ಅವರ ಚಿತ್ರ ಬಂತು. ಸದಸ್ಯರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಪಟ್ಟಿಯ ಏಳು ಕಲಮುಗಳಲ್ಲಿ ಆರನ್ನು ನಾನು ಅಂದೇ ಗೆರೆ ಎಳೆದು ಹೊಡೆದುಹಾಕಿದ್ದೆ. ಚಹಾದ ಕಲೆಯನ್ನು ಉಳಿಸಿಕೊಂಡೆ, ಅದರ ಕೆಳಗೆ ಈ ಚಿತ್ರವನ್ನು ಸೇರಿಸಿದೆ.

ಸುದ್ದಿ ಓಣಿಯಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಈಗ ಬೀದಿದೀಪ ಹೋದವರು, ನಳದ ನೀರು ಬಾರದವರು, ಗೋಪನಕೊಪ್ಪದಲ್ಲಿರುವ ನನ್ನ ತಮ್ಮನ ಬೀಗರು ಸಹ, ಅರ್ಜಿ ಬರೆಸಿಕೊಳ್ಳಲು ನಮ್ಮ ಮನೆಗೆ ಬರುತ್ತಾರೆ. ಬೀಗರ ವಾರ್ಡು ಬೇರೆ, ಸದಸ್ಯರು ಬೇರೆ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ನಾನು ವಿಷಯ, ಉಲ್ಲೇಖ, ದಿನಾಂಕ ಎಲ್ಲವನ್ನೂ ಸರಿಯಾಗಿ ಕೂರಿಸಿ ಕೊಡುತ್ತೇನೆ. ಅವರು ಅದನ್ನು ಓದಿ ನೋಡುವುದೂ ಇಲ್ಲ; ನೇರ ನನ್ನ ಹೆಂಡತಿಯ ಬಳಿಗೆ ಹೋಗಿ, "ಕಾಕೂ, ಒಂದ ಬಟ್ಟು ಹಚ್ಚಿಕೊಡ್ರಿ" ಎನ್ನುತ್ತಾರೆ. ಹಿತ್ತಾಳೆಯ ತಾಟು ತುಂಬಿ ಹರಿಯತೊಡಗಿದ ಮೇಲೆ ಸದಸ್ಯರು ಮೈದುನನ ಮೇಜನ್ನೇ ಒಳಗಿನ ಕೋಣೆಗೆ ತರಿಸಿಕೊಂಡರಂತೆ. ಈಗ ಯಾವ ಕಾಗದವಾದರೂ ಅವರೇ ಓದುತ್ತಾರೆ, ಬೊಟ್ಟಿರಲಿ ಬಿಡಲಿ. ಈ ವಿಷಯವನ್ನು ನಾನು ಬಂದವರಿಗೆ ವಿವರಿಸುತ್ತೇನೆ. ಆದರೂ ಹಚ್ಚಿಸಿಕೊಂಡೇ ಹೋಗುತ್ತಾರೆ.

ಕಲ್ಲು ಕೂರಿಸಿದ ಮರುದಿನದ ಗುರುವಾರಕ್ಕೆ ತಿರುಗಿ ಬರುತ್ತೇನೆ. ಬೆಳಿಗ್ಗೆ ಆಕೆ ಹೊಸ ಕಲ್ಲನ್ನು ತೊಳೆದು, ಹಬ್ಬಕ್ಕೆ ಹಾಕುವಂಥ ಒಂದು ದೊಡ್ಡ ರಂಗೋಲಿ ಹಾಕಿದಳು. ಸಂಜೆ ಐದೂ ಕಾಲಿಗೆ ಸೀರೆ ಬದಲಿಸಿ, ಹಾಡಿನ ವಹಿಯನ್ನು ಬಗಲಲ್ಲಿ ಇರಿಸಿಕೊಂಡು ಗೇಟು ತೆರೆದಳು. ನಾನು ಕೈ ಚಾಚಿದೆ, ಬೇಡವೆಂದಳು. ರಂಗೋಲಿ ತುಳಿಯದಂತೆ ಅಂಚಿನಲ್ಲೇ ಒಂದೊಂದು ಹೆಜ್ಜೆ ಇಡುತ್ತ ಅರ್ಧ ದಾರಿಗೆ ಹೋಗಿ ನಿಂತಳು. ಹಿಮ್ಮಡಿಯಿಂದ ಕಲ್ಲನ್ನು ಎರಡು ಸಲ ಗುದ್ದಿ ನೋಡಿದಳು.

"ಬಲಕ್ಕ ಸ್ವಲ್ಪ ಅಲಗ್ಯಾಡ್ತದ" ಎಂದಳು.

ನಾನು ಬಗ್ಗಿ ನೋಡಿದೆ. ನಿಜ. ಬಲ ಮೂಲೆಯ ಕೆಳಗೆ ಗಾರೆ ಒಂದು ಬೆರಳಿನಷ್ಟು ಕಡಿಮೆ ಬಿದ್ದಿತ್ತು. ಎದೆಯಲ್ಲಿ ಹಳೆಯ ಕಾವು ಮತ್ತೆ ಏಳತೊಡಗಿತು. ನಿಜ ಹೇಳಬೇಕೆಂದರೆ, ಅದು ಸುಖವಾಗಿಯೇ ಇತ್ತು.

"ನಾಳೇನಽ ಬರೀತೇನಿ" ಎಂದೆ.

ಆಕೆ ಅಷ್ಟರಲ್ಲಿ ಆಚೆಯ ದಂಡೆ ಮುಟ್ಟಿದ್ದಳು. ರಸ್ತೆಯ ಮೇಲೆ ನಿಂತು, ತಿರುಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

"ಬರೀರಿ, ಛಲೋತ್ನ್ಯಾಗಿ ಬರೀರಿ. ಆದ್ರ ಈ ಸರ್ತೆ ಅಕಿನ್ನ ಗುರುವಾರ ಕರೀಬ್ಯಾಡ್ರಿ" ಎಂದಳು. "ನಾ ಮನ್ಯಾಗ ಇರೂದಿಲ್ಲ."